ಪೈಪು ಹಾಯುವ ಹೊಲದವರ ಮಾತು

ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿಯ ಹೆದ್ದಾರಿ ಬದಿಯ ಹೋಟೆಲಿನಲ್ಲಿ ಒಂದು ಗಂಟೆ ಕೂತರೆ ಸಾಕು, ಚಿತ್ರದುರ್ಗ–ಹೊಸಪೇಟೆ ನಡುವೆ ಎಷ್ಟು ಟ್ಯಾಂಕರುಗಳು ಓಡುತ್ತವೆ ಎಂಬುದು ಗೊತ್ತಾಗುತ್ತದೆ. ಪೆಟ್ರೋಲು, ಡೀಸೆಲ್ಲು, ಗ್ಯಾಸು ಲಾರಿಯ ಮೇಲೆ ಹೋಗುವುದಕ್ಕಿಂತ ನೆಲದಡಿಯ ಪೈಪಿನಲ್ಲಿ ಹೋಗುವುದು ಮೇಲು ಎಂಬುದನ್ನು ಎಂಜಿನಿಯರುಗಳು ಎಂದೋ ತೀರ್ಮಾನಿಸಿದ್ದಾರೆ. ತೀರ್ಮಾನವಾಗದೆ ಉಳಿದಿರುವ ಪ್ರಶ್ನೆ ಬೇರೆ. ಪೈಪು ಯಾರ ಹೊಲದಡಿ ಹಾಯುತ್ತದೋ ಅವರ ಒಪ್ಪಿಗೆಯನ್ನು ಹೇಗೆ ಗಳಿಸಬೇಕು?

ಇಲ್ಲಿ ಮಾತಾಡುವವರು ಇಬ್ಬರು. ಒಬ್ಬರು ಇದೇ ಹೋಬಳಿಯ ಹಿರಿಯ ರೈತ. ಶೇಂಗಾ, ಜೋಳ ಬೆಳೆಯುವ ಮಳೆಯಾಶ್ರಿತ ಹೊಲ. ಇನ್ನೊಬ್ಬ ಅವರ ತಮ್ಮನ ಮಗ. ಡಿಪ್ಲೊಮಾ ಮುಗಿಸಿ ಪೈಪ್‌ಲೈನ್ ಗುತ್ತಿಗೆದಾರರೊಬ್ಬರ ಹತ್ತಿರ ಸರ್ವೆ ಕೆಲಸಕ್ಕೆ ಸೇರಿದ್ದಾನೆ, ಕೊಟ್ಟೂರು ತೇರಿಗೆಂದು ಊರಿಗೆ ಬಂದಿದ್ದಾನೆ.

ಯುವಕ: ದೊಡ್ಡಪ್ಪ, ನನ್ನ ಕೆಲಸದ ಸುದ್ದಿ ತೆಗೆದ ಕೂಡ್ಲೇ ನೀವು ಸುಮ್ಮನಾಗಿಬಿಟ್ರಿ.

ಹಿರಿಯ: ಸುಮ್ಮನಾಗದೆ ಏನ್ ಮಾಡ್ಲಿ ತಮ್ಮಾ? ಮಂದಿ ಹೊಲದಾಗ ಗುರುತಿನ ಕಲ್ಲು ನೆಡೋ ಕೆಲಸ ಅಂದೆ. ಆ ಹೊಲದವ್ರು ಏನಂದ್ರು ಅನ್ನೋದು ಮಾತ್ರ ಹೇಳ್ಲಿಲ್ಲ.

ಯುವಕ: ಒಬ್ಬೊಬ್ರು ಒಂದೊಂದು ಅಂತಾರೆ. ಕೆಲವರು ನೀರು ಕೊಟ್ಟು ಕೂರಿಸ್ತಾರೆ, ಕೆಲವರು ಬದುವಿನ ಮೇಲೆ ಕಾಲಿಡೋಕೂ ಬಿಡಲ್ಲ. ಆದ್ರೆ ಇದು ಬೇಕಾಗಿರೋ ಕೆಲಸ ದೊಡ್ಡಪ್ಪ. ಮಂಗಳೂರಿನ ರಿಫೈನರಿಯಿಂದ ಹಾಸನದ ಮೇಲೆ ಬೆಂಗಳೂರಿಗೆ 2003ರಲ್ಲಿ ಪೈಪು ಬಂತು, 360 ಕಿಲೋಮೀಟರ್‌ಗಿಂತ ಜಾಸ್ತಿ ಉದ್ದ. ಅದಿಲ್ಲದಿದ್ರೆ ಅಷ್ಟೂ ಪೆಟ್ರೋಲು, ಡೀಸೆಲ್ಲು ಘಾಟಿ ಹತ್ತಿ ಬರಬೇಕಿತ್ತು. 2013ರಲ್ಲಿ ಉಪ್ಪಿನಂಗಡಿ ಹತ್ತಿರ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಉರುಳಿ ಬೆಂಕಿ ಹೊತ್ತಿಕೊಂಡು ರಸ್ತೆ ಪಕ್ಕದ ಮನೆಯವರೂ ಸತ್ರು. ನಮ್ಮೂರ ಮುಂದೆ ದಿನಾ ಹೋಗೋ ಟ್ಯಾಂಕರ್ ಒಂದು ಹಾಗೆ ಉರುಳಿದ್ರೆ?

ಹಿರಿಯ: ಉರುಳಬಾರ್ದು ಅಂತ ನಾನೂ ಕೈ ಮುಗೀತೀನಿ. ಪೈಪು ಬ್ಯಾಡ ಅಂತ ನಾನೆಲ್ಲಿ ಅಂದೆ? ದೇಶದ ಕೆಲಸ ಅಂತ ಹೇಳ್ಕೊಂಡು ಬರ್ತೀರಲ್ಲ, ಆ ಮಾತು ನಮಗೆ ಹಳೇದು. ಸಂಡೂರಿನ ಅದಿರು ಲಾರಿಗಟ್ಲೆ ಬಂದರಿಗೆ ಹೋಗಿ ಹಡಗು ಹತ್ತಿತು. ಆಗಲೂ ದೇಶಕ್ಕೆ ಡಾಲರ್ ಬರ್ತೈತೆ ಅಂದ್ರು. ನಮ್ಮ ಪಾಲಿಗೆ ರಸ್ತೆ ಕಿತ್ತು ಹೋಯ್ತು, ರೋಡಿನ ಪಕ್ಕದ ಬೆಳೆ ಮೇಲೆ ಕೆಂಪು ಧೂಳು ಕೂತ್ಕಂತು. 2011ರಾಗ ಲೋಕಾಯುಕ್ತದವ್ರು ವರದಿ ಕೊಟ್ಟು, ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸೋವರೆಗೂ ನಮ್ಮನ್ನ ಕೇಳಿದವ್ರು ಯಾರು?

ಯುವಕ: ಆ ಲೆಕ್ಕಕ್ಕೇ ಪೈಪು ಒಳ್ಳೇದು ಅನ್ನಬೇಕು ನೀವು. ಕುದುರೆಮುಖದ ಅದಿರನ್ನ ನೀರಿನ ಜೊತೆ ಕಲಸಿ 67 ಕಿಲೋಮೀಟರ್ ಪೈಪಿನಲ್ಲೇ ಮಂಗಳೂರು ಬಂದರಿಗೆ ಇಳಿಸ್ತಿದ್ರು. ರಸ್ತೆ ಮೇಲೆ ಲಾರಿ ಇಲ್ಲ, ಧೂಳಿಲ್ಲ.

ಹಿರಿಯ: ಆ ಗಣಿಯೂ ಕಾಡಿನ ಸಲುವಾಗಿ 2005ರ ಕೊನೆಗೆ ನಿಂತೇಹೋಯ್ತಲ್ಲ. ಪೈಪಿನಾಗೆ ಧೂಳು ಕಾಣಲ್ಲ, ಒಪ್ತೀನಿ. ಬೆಟ್ಟ ಕರಗೋದು ಕಾಣಲ್ಲ ಅಂತಲ್ಲ. ಇರ್ಲಿ, ನಿನ್ನ ಕೆಲಸದ ವಿಷಯಕ್ಕೆ ಬಾ. ನನ್ನ ಹೊಲಕ್ಕೆ ಬಂದೆ ಅಂತ ತಿಳ್ಕೋ. ನನಗೆ ಏನು ಹೇಳ್ತೀಯ?

ಯುವಕ: ಮೊದಲನೇದಾಗಿ, ನಿಮ್ಮ ಭೂಮಿ ಕಿತ್ತುಕೊಳ್ಳಲ್ಲ ಅಂತೀನಿ. ಇದಕ್ಕೆ 1962ರ ಕಾಯ್ದೆ ಇದೆ. ಪಹಣಿ ನಿಮ್ಮ ಹೆಸರಲ್ಲೇ ಇರುತ್ತೆ. ಸರ್ಕಾರ ತಗೊಳ್ಳೋದು ನೆಲದಡಿ ಪೈಪು ಹಾಕಿ ನೋಡಿಕೊಳ್ಳೋ ಬಳಕೆಯ ಹಕ್ಕು ಮಾತ್ರ. ಪೈಪು ಕಡಿಮೆ ಅಂದ್ರೂ ಒಂದು ಮೀಟರ್ ಆಳದಲ್ಲಿರಬೇಕು. ಮನೆ ಇರೋ ಜಾಗದಡಿ ಹಾಕೋ ಹಾಗಿಲ್ಲ. ಕೆಲಸ ಮುಗಿದ ಮೇಲೆ ಮಣ್ಣು ಮುಚ್ಚಿ ಬಿಟ್ಟುಕೊಡ್ತಾರೆ, ಮತ್ತೆ ಶೇಂಗಾ ಬಿತ್ತಬಹುದು. ಹಾಳಾದ ಬೆಳೆಗೆ, ಕಡಿದ ಮರಕ್ಕೆ ಬೇರೆ ಪರಿಹಾರ. ಅದರ ಮೇಲೆ ಭೂಮಿ ಬೆಲೆಯ ನೂರಕ್ಕೆ 10.

ಹಿರಿಯ: ಬಿತ್ತಬಹುದು ಅಂದೆ. ಏನು ಮಾಡಬಾರ್ದು ಅನ್ನೋದನ್ನೂ ಹೇಳು.

ಯುವಕ: ಆ ಪಟ್ಟಿಯೊಳಗೆ ಮನೆ ಕಟ್ಟಬಾರದು. ಬಾವಿ, ಕೆರೆ, ಒಡ್ಡು ಏನೂ ಮಾಡಬಾರದು. ಮರ ನೆಡಬಾರದು.

ಹಿರಿಯ: ಈಗ ಬಂತು ನೋಡು ವಿಷಯ. ಕೂಡ್ಲಿಗಿ ಸೀಮೆ ಒಣ ಭೂಮಿ. ಇಲ್ಲಿ ರೈತ ಬದುಕೋಕೆ ಮೂರೇ ದಾರಿ. ಬೋರು ಹೊಡೆಸಬೇಕು, ಇಲ್ಲ ಕೃಷಿ ಹೊಂಡ ತೋಡಿಸಿ ಮಳೆ ನೀರು ಹಿಡಿಬೇಕು, ಅದೂ ಆಗದಿದ್ರೆ ಬದುವಿಗೆ ಹುಣಸೆ ಹಚ್ಚಿ ಮೊಮ್ಮಕ್ಕಳ ಕಾಲಕ್ಕೆ ಹಣ್ಣು ಬಡೀಬೇಕು. ನಿನ್ನ ಕಾಯ್ದೆ ಸರಿಯಾಗಿ ಈ ಮೂರನ್ನೇ ಬ್ಯಾಡ ಅಂತೈತೆ. ಕಾಲುವೆ ನೀರಿನ ಗದ್ದೆಯವನಿಗೆ ಇದರಿಂದ ಏನೂ ಆಗಲ್ಲ. ಭತ್ತ ತೆಗೀತಿದ್ದ, ಭತ್ತ ತೆಗೀತಾನೆ. ನನಗೆ ಮಾತ್ರ ಶೇಂಗಾ ಬಿತ್ತಿ ಮಳೆ ಕಾಯೋದು ಬಿಟ್ರೆ ಬೇರೆ ದಾರಿ ಇಲ್ಲದಂಗಾಗ್ತದೆ.

ಯುವಕ: ಇಡೀ ಹೊಲಕ್ಕಲ್ಲ ದೊಡ್ಡಪ್ಪ, ಸುಮಾರು 20 ಮೀಟರ್ ಅಗಲದ ಪಟ್ಟಿಗೆ ಮಾತ್ರ.

ಹಿರಿಯ: ಲೆಕ್ಕ ಹಾಕು. ಪಟ್ಟಿ ನನ್ನ ಹೊಲದಾಗ 200 ಮೀಟರ್ ಹಾಯ್ತು ಅನ್ನು. 20ರಿಂದ ಗುಣಿಸಿದ್ರೆ 4,000 ಚದರ ಮೀಟರ್, ಹೆಚ್ಚೂಕಮ್ಮಿ ಒಂದು ಎಕರೆ. ನಾಲ್ಕು ಎಕರೆಯವನಿಗೆ ಅದು ಕಾಲು ಪಾಲು. ಅದೂ ಒಂದು ಮೂಲೆಗೆ ಹೋಗಲ್ಲ, ನಟ್ಟ ನಡುವೆ ಸೀಳ್ತದೆ. ಎಕರೆಗೆ 5 ಲಕ್ಷ ಅಂದ್ಕೊಂಡ್ರೆ ನೂರಕ್ಕೆ 10ರ ಲೆಕ್ಕದಾಗ ಕೈಗೆ ಬರೋದು 50 ಸಾವಿರ. ಒಂದೇ ಸಲ. ಆಮೇಲೆ ಪಹಣಿ 11ನೇ ಕಾಲಮ್ಮಿನಾಗ ಋಣ ಬರ್ದಂಗೆ ನಿಮ್ಮ ಹಕ್ಕು ಬರ್ಕೊಂಡು ಕೂರ್ತೀರಿ. ಮಗಳ ಮದುವೆಗೆ ಹೊಲ ಮಾರೋಣ ಅಂದ್ರೆ ಕೊಳ್ಳೋನು ಮೊದಲು ಆ ಕಾಲಂ ನೋಡ್ತಾನೆ.

ಯುವಕ: ಪರಿಹಾರ ಸಾಲದು ಅಂದ್ರೆ ಜಿಲ್ಲಾ ನ್ಯಾಯಾಧೀಶರ ಹತ್ರ ಹೋಗಬಹುದು. ಮೊದಲೇ ತಕರಾರಿದ್ರೆ, ಗೆಜೆಟ್ಟಿನಲ್ಲಿ ಅಧಿಸೂಚನೆ ಬಂದ 21 ದಿನದೊಳಗೆ ಸಕ್ಷಮ ಪ್ರಾಧಿಕಾರಕ್ಕೆ ಬರೆದು ಕೊಡಬಹುದು. ಕಾಯ್ದೆಯಲ್ಲಿ ದಾರಿ ಇಲ್ಲ ಅಂತ ಹೇಳೋಕಾಗಲ್ಲ.

ಹಿರಿಯ: ಗೆಜೆಟ್ ಯಾವ ಅಂಗಡಿಯಾಗ ಸಿಗ್ತದಪ್ಪ?

ಈ ಪ್ರಶ್ನೆಗೆ ಹುಡುಗ ಉತ್ತರ ಕೊಡಲಿಲ್ಲ. ಕೊಡಬೇಕಾದವನು ಅವನಲ್ಲ ಎಂದೇ ನನಗೂ ಅನ್ನಿಸುತ್ತದೆ. ಕಾಯ್ದೆ ಬಂದು ಆರು ದಶಕ ದಾಟಿದೆ. ಅಂದಿನಿಂದ ಇಂದಿನವರೆಗೆ ಒಣಭೂಮಿಯ ಬೇಸಾಯದಲ್ಲಿ ಬೋರ್‌ವೆಲ್ಲು, ಕೃಷಿ ಹೊಂಡ, ದಾಳಿಂಬೆ ತೋಟ ಎಲ್ಲವೂ ಬಂದವು. ‘ಬೆಳೆ ಬೆಳೆಯಬಹುದಲ್ಲ’ ಎಂಬ ಸಮಾಧಾನ ಮಾತ್ರ ಹಾಗೇ ಉಳಿದಿದೆ.

ಯುವಕ: ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಮ್ಮ ತಾಲ್ಲೂಕಿನ 74 ಕೆರೆಗಳಿಗೆ ತುಂಗಭದ್ರೆ ನೀರು ತುಂಬಿಸೋ ಯೋಜನೆಗೆ ನೀವೆಲ್ಲ ಎಷ್ಟು ವರ್ಷ ಕೂಗಿದ್ರಿ? ಹೊಳೆ ನಮ್ಮ ತಾಲ್ಲೂಕಿನಲ್ಲಿ ಹರಿಯಲ್ಲ. ನೀರು ಬರಬೇಕಂದ್ರೆ ಬೇರೆ ತಾಲ್ಲೂಕಿನವರ ಹೊಲ ಅಗೆದೇ ಪೈಪು ಬರಬೇಕು. ಆ ಹೊಲದವರ ಬೋರಿನ ಬಗ್ಗೆ, ಹುಣಸೆ ಮರದ ಬಗ್ಗೆ ಆಗ ಯಾರು ಯೋಚನೆ ಮಾಡಿದ್ರು?

ಹಿರಿಯ: (ಸ್ವಲ್ಪ ಹೊತ್ತು ಬಿಟ್ಟು) ಮಾಡ್ಲಿಲ್ಲ. ನೀರು ಬಂದ್ರೆ ಸಾಕು ಅಂತಿದ್ವಿ.

ಯುವಕ: ದಾವಣಗೆರೆಯಲ್ಲಿ ಮನೆಗೆ ಪೈಪ್ ಗ್ಯಾಸ್ ಬರಲಿ ಅನ್ನೋರು, ತುಮಕೂರಿನಲ್ಲಿ ಕಾರ್ಖಾನೆ ನಡೆಸೋರು ಅನ್ನೋದೂ ಅದನ್ನೇ. ದಾಭೋಲ್‌ನಿಂದ ಬೆಂಗಳೂರಿಗೆ ಸುಮಾರು 1,000 ಕಿಲೋಮೀಟರ್ ಗ್ಯಾಸ್ ಪೈಪು 2013ರಲ್ಲಿ ಶುರುವಾಯ್ತು. ಬೆಳಗಾವಿ, ಧಾರವಾಡ, ಗದಗ, ದಾವಣಗೆರೆ, ಚಿತ್ರದುರ್ಗದ ಎಷ್ಟೋ ಸಾವಿರ ರೈತರ ಹೊಲದಡಿ ಹಾದಿದೆ. ಅವರೆಲ್ಲ ಬೇಡ ಅಂದಿದ್ರೆ ಬೆಂಗಳೂರಿಗೆ ಇವತ್ತಿಗೂ ಗ್ಯಾಸ್ ಬರ್ತಿರಲಿಲ್ಲ. ನಮಗೆ ಬೇಕಾದ ಪೈಪು ಬೇರೆಯವರ ಹೊಲದಲ್ಲಿ ಹಾಯಲಿ, ಬೇರೆಯವರಿಗೆ ಬೇಕಾದ್ದು ನಮ್ಮ ಹೊಲದಲ್ಲಿ ಬೇಡ ಅಂದ್ರೆ ಹೇಗೆ?

ಹಿರಿಯ: ನೀನು ಕೇಳಿದ್ದು ಸರಿ. ಆದ್ರೂ ಒಂದು ವ್ಯತ್ಯಾಸ ಐತೆ. ನೀರಿನ ಪೈಪು ಒಡೆದ್ರೆ ಹೊಲ ನೆನೀತದೆ. ಗ್ಯಾಸಿನ ಪೈಪು ಒಡೆದ್ರೆ? ಆಂಧ್ರದಾಗ ಆಗಲಿಲ್ಲೇನು?

ಯುವಕ: ನಗರಂ. 2014ರ ಜೂನ್ 27. ಆಗಿನ ಪೂರ್ವ ಗೋದಾವರಿ ಜಿಲ್ಲೆ. ಬೆಳಗಿನ ಜಾವ ಗ್ಯಾಸ್ ಸೋರಿ ಹೊತ್ತಿಕೊಂಡಿತು, 20ಕ್ಕೂ ಹೆಚ್ಚು ಜನ ಸತ್ರು. ನಮಗೆ ಟ್ರೈನಿಂಗಿನಲ್ಲಿ ಅದನ್ನ ಹೇಳಿಕೊಡ್ತಾರೆ. ನೀರಿನಂಶ ತೆಗೆದ ಒಣ ಗ್ಯಾಸಿಗೆ ಅಂತ ಮಾಡಿದ್ದ ಪೈಪಿನಲ್ಲಿ ಹಸಿ ಗ್ಯಾಸ್ ಹರಿಸಿದ್ರು, ಒಳಗಿಂದ ತುಕ್ಕು ತಿಂದಿತ್ತು. ಅದು ನಡೆಸುವವರ ತಪ್ಪು, ಪೈಪಿನ ತಪ್ಪಲ್ಲ.

ಹಿರಿಯ: ಸತ್ತವರಿಗೆ ಅದು ಯಾರ ತಪ್ಪಾದರೇನು? ಗ್ಯಾಸಿನ ವಾಸನೆ ಬರ್ತೈತೆ ಅಂತ ಆ ಊರವ್ರು ಮೊದಲೇ ಹೇಳಿದ್ರು ಅಂತ ಪೇಪರಿನಾಗ ಓದಿದ್ದೆ. ನನ್ನ ಭಯ ಅಲ್ಲೈತೆ. ರಾತ್ರಿ ಎರಡು ಗಂಟೆಗೆ ಹೊಲದಾಗ ನೆಲ ಬುಸುಗುಟ್ಟಿದ್ರೆ ನಾನು ಯಾರಿಗೆ ಫೋನ್ ಮಾಡಲಿ? ಮಾಡಿದ್ರೆ ಎತ್ತೋನು ಕನ್ನಡ ಮಾತಾಡ್ತಾನಾ? ಎಷ್ಟು ಹೊತ್ತಿಗೆ ಬರ್ತಾನೆ? ಸುರಕ್ಷಿತ, ಸುರಕ್ಷಿತ ಅಂತ ಹತ್ತು ಸಲ ಬೋರ್ಡ್ ಹಾಕ್ತೀರಿ. ಈ ಮೂರಕ್ಕೆ ಉತ್ತರ ಬರ್ದು ಹಾಕಿದ್ದು ನಾನು ನೋಡಿಲ್ಲ.

ಯುವಕ: ಗುರುತಿನ ಕಂಬದ ಮೇಲೆ ನಂಬರ್ ಇರುತ್ತೆ. ಲೈನ್ ಉದ್ದಕ್ಕೂ ನಡೆದು ನೋಡೋಕೆ ಜನ ಇರ್ತಾರೆ. ಆದ್ರೆ ಊರಿನವರ ಕಣ್ಣಿಲ್ಲದೆ ಯಾವ ಪೈಪೂ ಉಳಿಯಲ್ಲ, ಅದು ಖರೆ. ಮಂಗಳೂರಿಂದ ಬರೋ ಡೀಸೆಲ್ ಪೈಪಿಗೆ ಬಂಟ್ವಾಳದ ಕಡೆ ತೂತು ಕೊರೆದು ಕದ್ದಿದ್ರು. ನೂರಾರು ಕಿಲೋಮೀಟರಿಗೆ ಪೊಲೀಸರನ್ನ ನಿಲ್ಲಿಸೋಕಾಗುತ್ತಾ? ಹೊಲದವನಿಗೆ ಇದು ನಮ್ಮದು ಅನ್ನಿಸಬೇಕು.

ಹಿರಿಯ: ಅನ್ನಿಸೋಹಂಗೆ ಏನು ಮಾಡೀರಿ ಅಂತಲೇ ನಾನು ಕೇಳ್ತಿರೋದು.

ಯುವಕ: ಹೇಳ್ತೀನಿ. ಕೇರಳದ ಕತೆ ಕೇಳಿ. ಕೊಚ್ಚಿಯಿಂದ ಮಂಗಳೂರಿಗೆ 450 ಕಿಲೋಮೀಟರ್ ಗ್ಯಾಸ್ ಪೈಪು. ಅಲ್ಲಿ ಮನೆ, ತೋಟ ಒತ್ತೊತ್ತಾಗಿವೆ, ಜನರ ಹತ್ರ ಐದು ಸೆಂಟ್ಸ್, ಹತ್ತು ಸೆಂಟ್ಸ್ ಜಾಗ. ವರ್ಷಗಟ್ಟಲೆ ಕೆಲಸ ನಿಂತಿತು. 2017ರಲ್ಲಿ ಕೋಳಿಕ್ಕೋಡು ಜಿಲ್ಲೆ ಮುಕ್ಕಂ ಕಡೆ ದೊಡ್ಡ ಗಲಾಟೆ ಆಗಿ ಲಾಠಿಚಾರ್ಜೂ ಆಯ್ತು. ಆಮೇಲೆ ಅಲ್ಲಿನ ಸರ್ಕಾರ ಜನರ ಜೊತೆ ಕೂತು ಪರಿಹಾರ ಏರಿಸಿತು. ಹತ್ತು ಸೆಂಟ್ಸಿಗಿಂತ ಕಡಿಮೆ ಇದ್ದವರಿಗೆ ಪಟ್ಟಿಯ ಅಗಲ 2 ಮೀಟರಿಗೆ ಇಳಿಸಿ, 5 ಲಕ್ಷ ವಿಶೇಷ ನೆರವು ಅಂತ ಮಾಡಿತು. ಆಮೇಲೆ ಕಾಸರಗೋಡಿನಲ್ಲಿ ಚಂದ್ರಗಿರಿ ಹೊಳೆಯ ತಳದಲ್ಲಿ ಕೊರೆದು ಪೈಪು ದಾಟಿಸಿದ್ರು. 2021ರ ಜನವರಿ 5ಕ್ಕೆ ಉದ್ಘಾಟನೆ ಆಯ್ತು. ನೋಡಿ, ಮಾತಾಡಿದ್ರೆ ಆಗುತ್ತೆ.

ಹಿರಿಯ: ಲಾಠಿ ಬೀಸಿದ ಮೇಲೆ ಮಾತಾಡಿದ್ರು. ಮೊದಲೇ ಆಡಿದ್ರೆ? ಅದೇ ಕೊಚ್ಚಿ ಪೈಪಿನ ಇನ್ನೊಂದು ಕವಲು ತಮಿಳುನಾಡಿನ ಮೇಲೆ ಬೆಂಗಳೂರಿಗೆ ಬರಬೇಕಿತ್ತಲ್ಲ, ಅದು ಏನಾಯ್ತು?

ಯುವಕ: ಕೊಯಮತ್ತೂರು, ತಿರುಪ್ಪೂರು, ಈರೋಡು, ನಾಮಕ್ಕಲ್, ಸೇಲಂ, ಧರ್ಮಪುರಿ, ಕೃಷ್ಣಗಿರಿ. ಏಳು ಜಿಲ್ಲೆಯ ರೈತರು ಬೇಡ ಅಂದ್ರು. 2013ರಲ್ಲಿ ಜಯಲಲಿತಾ ಸರ್ಕಾರ ಹೊಲ ಬಿಟ್ಟು ಹೆದ್ದಾರಿ ಬದಿಗೆ ಹಾಕಿ ಅಂತು. ಕಂಪನಿ ಹೈಕೋರ್ಟಿನಲ್ಲಿ ಗೆದ್ದಿತು, 2016ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲೂ ಗೆದ್ದಿತು.

ಹಿರಿಯ: ಗೆದ್ದ ಮರುದಿನ ಪೈಪು ಹಾಕಿದ್ರಾ?

ಯುವಕ: ಇಲ್ಲ. ತೀರ್ಪು ಬಂದ ಮೇಲೂ ವರ್ಷಗಳು ಕಳೆದವು.

ಹಿರಿಯ: ಕೋರ್ಟು ಕಂಪನಿಗೆ ಹಕ್ಕು ಕೊಡ್ತು, ರೈತ ಒಪ್ಪಲಿಲ್ಲ. ಹಕ್ಕಿದ್ದೂ ಹೊಲಕ್ಕೆ ಕಾಲಿಡೋಕೆ ಆಗಲಿಲ್ಲ ಅಂದ್ರೆ ಒಪ್ಪಿಗೆ ಎಷ್ಟು ದೊಡ್ಡದು ಅಂತ ನೀನೇ ತಿಳ್ಕೋ.

ಯುವಕ: ಆದ್ರೆ ಅದರಿಂದ ನಷ್ಟ ಆಗಿದ್ದು ಯಾರಿಗೆ? ತಡ ಆದಷ್ಟೂ ಖರ್ಚು ಏರುತ್ತೆ, ಅದನ್ನ ತುಂಬೋದು ನಾವೇ. ಕೆನಡಾದಲ್ಲಿ ಟ್ರಾನ್ಸ್ ಮೌಂಟನ್ ಅಂತ ಒಂದು ಪೈಪಿದೆ. ಆಲ್ಬರ್ಟಾದ ಕಚ್ಚಾ ಎಣ್ಣೆಯನ್ನ ಪೆಸಿಫಿಕ್ ಕರಾವಳಿಗೆ ತಂದು ಹಡಗಿನಲ್ಲಿ ಹೊರದೇಶಕ್ಕೆ ಮಾರೋದಕ್ಕೆ. ವಿಸ್ತರಣೆಗೆ ಮೊದಲು 540 ಕೋಟಿ ಡಾಲರ್ ಅಂದಿದ್ರು. ವಿರೋಧ, ಕೇಸು ನೋಡಿ ಖಾಸಗಿ ಕಂಪನಿ ಕೈಬಿಡೋ ಹಾಗಾದಾಗ 2018ರಲ್ಲಿ ಸರ್ಕಾರವೇ 450 ಕೋಟಿ ಡಾಲರ್ ಕೊಟ್ಟು ಹಳೇ ಪೈಪನ್ನ ಕೊಂಡಿತು. 2024ರ ಮೇ ತಿಂಗಳಲ್ಲಿ ಮುಗಿಯೋ ಹೊತ್ತಿಗೆ ವಿಸ್ತರಣೆ ಖರ್ಚು ಸುಮಾರು 3,400 ಕೋಟಿ ಡಾಲರ್.

ಹಿರಿಯ: ಅಲ್ಲಿ ವಿರೋಧ ಮಾಡಿದವ್ರು ಯಾರು?

ಯುವಕ: ಪರಿಸರದವರು, ಕರಾವಳಿ ನಗರದವರು, ಮೂಲನಿವಾಸಿಗಳು. ಮೂಲನಿವಾಸಿಗಳ ಜೊತೆ ಸರಿಯಾಗಿ ಮಾತಾಡಿಲ್ಲ ಅಂತ 2018ರ ಆಗಸ್ಟಿನಲ್ಲಿ ಅಲ್ಲಿನ ಕೋರ್ಟು ಅನುಮತಿಯನ್ನೇ ರದ್ದು ಮಾಡಿತ್ತು. ಇನ್ನೊಂದು ಮಾತೂ ಇದೆ, ಎಲ್ಲ ಬುಡಕಟ್ಟಿನವರೂ ವಿರೋಧ ಮಾಡಲಿಲ್ಲ. ಕೆಲವರು ಕಂಪನಿ ಜೊತೆ ಒಪ್ಪಂದ ಮಾಡ್ಕೊಂಡ್ರು, ಕೆಲವರು ಪೈಪಿನಲ್ಲೇ ಪಾಲು ಕೇಳಿದ್ರು.

ಹಿರಿಯ: ಪಾಲು! ಅಂಥ ಮಾತು ನಮ್ಮ ಕಡೆ ಯಾಕೆ ಬರಲ್ಲ? ಅದಿರಿಗಾದ್ರೂ 2015ರಾಗ ಜಿಲ್ಲಾ ಖನಿಜ ಪ್ರತಿಷ್ಠಾನ ಅಂತ ಬಂತು. ಗಣಿಯಿಂದ ಬಂದ ದುಡ್ಡಿನಾಗ ಒಂದು ಪಾಲು ಧೂಳು ತಿಂದ ಊರಿಗೆ ಖರ್ಚಾಗಬೇಕು ಅಂತ. ಸರಿಯಾಗಿ ಖರ್ಚಾಗ್ತೈತೋ ಇಲ್ಲೋ ಬೇರೆ ಮಾತು, ಕಾನೂನಿನಾಗ ಐತೆ. ಪಾವಗಡದ ಸೋಲಾರ್ ನೋಡು. ರೈತರ ಭೂಮಿ ಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21 ಸಾವಿರ ಬಾಡಿಗೆ ಅಂತ ಶುರು ಮಾಡಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ 5 ಏರಿಸ್ತಾರೆ. ಮಳೆ ಬಂದ್ರೂ ಬರದಿದ್ರೂ ದುಡ್ಡು. ಪೈಪಿನಾಗ ಎಣ್ಣೆ ಮೂವತ್ತು ವರ್ಷ ಹರಿದ್ರೆ ಮೂವತ್ತು ವರ್ಷ ದುಡೀತದೆ. ಹೊಲದವನಿಗೆ ಮಾತ್ರ ಒಂದೇ ಸಲ ಯಾಕೆ ಕೊಡಬೇಕು?

ಯುವಕ: ಪಾವಗಡದಲ್ಲಿ ಇಡೀ ಭೂಮಿ ಹೋಯ್ತು ದೊಡ್ಡಪ್ಪ. ಅಲ್ಲಿ ಬಿತ್ತೋಕಾಗಲ್ಲ, ಕೂಲಿ ಮಾಡ್ತಿದ್ದ ಭೂಮಿ ಇಲ್ಲದವರಿಗೆ ಬಾಡಿಗೆಯೂ ಇಲ್ಲ, ಕೆಲಸವೂ ಇಲ್ಲ. ಇಲ್ಲಿ ನೀವು ಬಿತ್ತುತ್ತಲೇ ಇರ್ತೀರಿ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಸಾವಿರಾರು ಹೊಲಕ್ಕೆ ವರ್ಷ ವರ್ಷ ಬಾಡಿಗೆ ಅಂದ್ರೆ ಆ ಖರ್ಚು ಗ್ಯಾಸಿನ ಬೆಲೆಗೆ ಸೇರುತ್ತೆ. ದೊಡ್ಡಮ್ಮ ಸಿಲಿಂಡರಿಗೆ ಕೊಡೋದೂ ಏರಬಹುದು.

ಹಿರಿಯ: ಏರಲಿ. ಪೇಟೆಯವನೂ ಕೊಡಲಿ, ನಾನೂ ಕೊಡ್ತೀನಿ. ಈಗ ಅಗ್ಗ ಆಗಿರೋದು ಹೊಲದವನು ಬಿಟ್ಟುಕೊಟ್ಟದ್ದಕ್ಕೆ. ಅದನ್ನ ಯಾರೂ ಲೆಕ್ಕದಾಗ ಬರೀತಿಲ್ಲ.

ಯುವಕ: ಬಾಡಿಗೆ ಅಂತಾಗದಿದ್ರೂ ನೂರಕ್ಕೆ 10 ಸಾಲದು ಅನ್ನೋದು ನಾನೂ ಒಪ್ತೀನಿ. ಅದರಲ್ಲೂ ಒಣಭೂಮಿಗೆ. ಬೋರು, ಹೊಂಡ ಇಲ್ಲದಂಗಾಗೋ ರೈತನಿಗೆ ಪಟ್ಟಿಯ ಆಚೆ ಕಂಪನಿ ಖರ್ಚಿನಲ್ಲೇ ಹೊಂಡ ತೋಡಿಸಿಕೊಟ್ರೆ ಎಷ್ಟು ಜಗಳ ಕಡಿಮೆ ಆಗ್ತಿತ್ತು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಆದ್ರೆ ಒಪ್ಪಿಗೆ ಬರೀ ದುಡ್ಡಿನಿಂದ ಬರಲ್ಲ. ನೀವೂ ಒಂದು ಹೆಜ್ಜೆ ಮುಂದೆ ಬರಬೇಕು. ಸರ್ವೆಗೆ ಬಂದವರನ್ನ ಬದುವಿನ ಮೇಲೇ ತಡೆದ್ರೆ ಪೈಪು ಎಲ್ಲಿ ಹೋಗ್ಬೇಕು ಅನ್ನೋದು ಕಂಪ್ಯೂಟರ್ ಮುಂದೆ ಕೂತವನ ಕೈಗೆ ಹೋಗುತ್ತೆ. ಬಿಟ್ಟುಕೊಂಡು ಜೊತೆಗೆ ನಡೆದ್ರೆ, ಇಲ್ಲಿ ಬೋರಿದೆ, ಇಲ್ಲಿ ಮೂರು ತಲೆಮಾರಿನ ಹುಣಸೆ ಇದೆ, ಹಳ್ಳದ ಆ ದಂಡೆಗೆ ತಿರುಗಿಸಿ ಅಂತ ಹೇಳಬಹುದು. ಹಾಗೆ ತಿರುಗಿಸಿದ್ದನ್ನ ನಾನು ನೋಡಿದ್ದೀನಿ.

ಹಿರಿಯ: ಹಳ್ಳದ ದಂಡೆಗೆ ತಿರುಗಿಸಿದ್ರೆ ಅದು ಯಾರ ಹೊಲ?

ಯುವಕ: ಇನ್ನೊಬ್ಬರದ್ದು.

ಹಿರಿಯ: ಅವನು ಚಿಕ್ಕ ಹಿಡುವಳಿಯವನು, ಕೈಯಾಗ ಬಲ ಇಲ್ಲದವನು ಆಗಿದ್ರೆ? ದೊಡ್ಡವನ ತೋಟ ಉಳೀತದೆ, ಬಡವನ ಎರಡು ಎಕರೆ ಸೀಳ್ತದೆ. ಅದಕ್ಕೇ ಒಬ್ಬೊಬ್ಬರ ಮನೆಗೆ ಹೋಗಿ ಸಹಿ ಹಾಕಿಸ್ಕೊಳ್ಳೋದು ಬ್ಯಾಡ ಅಂತೀನಿ. ಗ್ರಾಮಸಭೆ ಕರೀರಿ. ನಕ್ಷೆ ಗೋಡೆಗೆ ಹಚ್ಚಿ, ಸರ್ವೆ ನಂಬರ್ ಓದಿ ಹೇಳ್ರಿ. ಯಾರ ಹೊಲ ಎಷ್ಟು ಗುಂಟೆ, ಎಷ್ಟು ದುಡ್ಡು ಅಂತ ಎಲ್ಲರ ಮುಂದೆ ಬರ್ಲಿ.

ಯುವಕ: ಕಾಯ್ದೆಯಲ್ಲಿ ಗ್ರಾಮಸಭೆ ಅಂತ ಇಲ್ಲ.

ಹಿರಿಯ: ಬ್ಯಾಡ ಅಂತಲೂ ಇಲ್ಲಲ್ಲ.

ಯುವಕ: ಇಲ್ಲ. ಆದ್ರೆ ಎಲ್ಲರ ಮುಂದೆ ನಕ್ಷೆ ಇಟ್ರೆ ಎಲ್ಲರೂ ನನ್ನ ಹೊಲ ಬಿಟ್ಟು ಹಾಕಿ ಅಂತಾರೆ. ಸಭೆ ಮುಗಿಯೋ ಹೊತ್ತಿಗೆ ಪೈಪು ಹಾಕೋಕೆ ಊರಲ್ಲಿ ಜಾಗವೇ ಇರಲ್ಲ.

ಹಿರಿಯ: ಮೊದಲನೇ ದಿನ ಹಂಗಂತಾರೆ. ಎರಡನೇ ಸಭೆಗೆ ಎಷ್ಟು ಕೊಡ್ತೀರಿ ಅಂತಾರೆ. ಮೂರನೇದಕ್ಕೆ ಹೊಂಡ ಎಲ್ಲಿ ತೋಡ್ತೀರಿ, ನಮ್ಮೂರ ಹುಡುಗರಿಗೆ ಕಾವಲು ಕೆಲಸ ಕೊಡ್ತೀರಾ ಅಂತಾರೆ. ನಿಮ್ಮ ಸಾಹೇಬರಿಗೆ ಮೂರು ಸಲ ಬರೋಕೆ ಪುರುಸೊತ್ತು ಐತಾ?

ಯುವಕ: ಗುತ್ತಿಗೆ ಅವಧಿ ಅಷ್ಟು ಬಿಡಲ್ಲ ದೊಡ್ಡಪ್ಪ. ತಿಂಗಳಿಗೆ ಇಷ್ಟು ಕಿಲೋಮೀಟರ್ ಅಂತ ಲೆಕ್ಕ ಇರುತ್ತೆ.

ಹಿರಿಯ: ತಮಿಳುನಾಡಿನಾಗ ಎಷ್ಟು ವರ್ಷ ನಿಂತಿತು ಅಂದೆ?

ಯುವಕ: ಮೂರು ಸಭೆಯ ಮಾತನ್ನ ನಾನು ಆಫೀಸಿನಲ್ಲಿ ಕೇಳಬಹುದು. ಆದ್ರೆ ನೀವು ಒಂದು ಹೇಳಿ. ಮೂರು ಸಭೆ ಮಾಡಿದ್ವಿ, ನಕ್ಷೆ ತೋರಿಸಿದ್ವಿ, ಹೊಂಡ ತೋಡಿಸಿಕೊಟ್ವಿ. ಆಗ ಪಟ್ಟಿ ನಿಮ್ಮ ಹೊಲದ ನಡುವೆಯೇ ಹಾಯಬೇಕು ಅಂತ ಬಂದ್ರೆ ಸಹಿ ಹಾಕ್ತೀರಾ?

ಹಿರಿಯ: ನಿನ್ನ ದೊಡ್ಡಮ್ಮನ್ನ ಕೇಳ್ಬೇಕು. ಹೊಲ ಅವಳ ಹೆಸರಿಗೈತೆ. ನಕ್ಷೆ ತಂದ ದಿನ ಅವಳನ್ನೂ ಕೂರಿಸ್ಕೊಂಡು ಮಾತಾಡು.